ಶಾಸಕರು ಆಸ್ಪತ್ರೆಯ ಸಮಸ್ಯೆಯನ್ನು ಸದನದಲ್ಲಿ ಎತ್ತಿದರೆ ಪ್ರಯೋಜನ ಉಂಟೇ? ನಾವು ಏನು ಒದಗಿಸಿಕೊಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಉಡುಪಿ ಜಿಲ್ಲೆಯ ನಿಮ್ಮ ತಾಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರಿದ್ದೂ ಸಿಸೇರಿಯನ್ ಆಗುತ್ತಿಲ್ಲ, ಡಯಾಲಿಸಿಸ್ ಯಂತ್ರಗಳು ಪದೇ ಪದೇ ನಿಲ್ಲುತ್ತವೆ. ಮನವಿ ಕೊಟ್ಟಾಗ ಶಾಸಕರು "ಸದನದಲ್ಲಿ ಎತ್ತುತ್ತೇನೆ" ಅಂದಿದ್ದಾರೆ.

ಪ್ರಯೋಜನ ಉಂಟು, ಆದರೆ ಹೇಗೆ ಎತ್ತುತ್ತಾರೆ ಎನ್ನುವುದರ ಮೇಲೆ. ಬರೀ ಮನವಿ ಸಾಲದು. ಆಪ್ತ ಸಹಾಯಕರು ಅದಕ್ಕೊಂದು ಹೊದಿಕೆ ಪತ್ರ ಲಗತ್ತಿಸಿ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೆ ಕಳಿಸುತ್ತಾರೆ, ಅಲ್ಲಿಂದ "ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ" ಎಂಬ ಹಿಂಬರಹ ಬರುತ್ತದೆ, ಕಡತ ಮುಗಿಯುತ್ತದೆ. ಅದರ ಬದಲು ಶಾಸಕರು ಸಹಿ ಹಾಕಿ ವಿಧಾನಸಭೆ ಸಚಿವಾಲಯಕ್ಕೆ ನೇರ ಕಳಿಸಬಹುದಾದ ಪ್ರಶ್ನೆಯನ್ನೇ ಬರೆದುಕೊಡಿ. ಅಧಿವೇಶನದ ದಿನಾಂಕ ಪ್ರಕಟವಾದ ಮೇಲೆ ಓಡಾಡಲು ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ. ಕರಡು ಮೊದಲೇ ಅವರ ಕಚೇರಿಯಲ್ಲಿರಬೇಕು.

ಸದನದಲ್ಲಿ ವಿಷಯ ಎತ್ತುವ ದಾರಿಗಳು ಹಲವು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು. ಆದರೆ ಯಾವ ಪ್ರಶ್ನೆ ಬರುತ್ತದೆ ಎನ್ನುವುದು ಚೀಟಿ ಎತ್ತುವುದರ ಮೇಲೆ ನಿಂತಿದೆ. ಆ ದಿನ ಗದ್ದಲವಾದರೆ ಉತ್ತರವನ್ನು ಮಂಡಿಸಿದ್ದಾಯಿತು ಎಂದು ಮುಗಿಸುತ್ತಾರೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಟಿವಿಯಲ್ಲಿ ಕಾಣಿಸುವುದಿಲ್ಲ ಎಂದು ಇದನ್ನು ಕಡೆಗಣಿಸುವವರೇ ಹೆಚ್ಚು. ನನ್ನ ಮಟ್ಟಿಗೆ ನಿಮ್ಮ ಕೆಲಸಕ್ಕೆ ಇದೇ ಒಳ್ಳೆಯದು: ಕೋಷ್ಟಕ, ಅನುಬಂಧ ಎಲ್ಲ ಕೇಳಬಹುದು, ಉತ್ತರ ದಾಖಲೆಯಾಗಿ ಉಳಿಯುತ್ತದೆ. ವಿಧಾನಸಭೆಯಲ್ಲಿ ನಿಯಮ 73ರಡಿ ಗಮನ ಸೆಳೆಯುವ ಸೂಚನೆ, ನಿಯಮ 351ರಡಿ ವಿಷಯ ಪ್ರಸ್ತಾಪಿಸುವ ಸೂಚನೆ, ವಿಧಾನ ಪರಿಷತ್ತಿನಲ್ಲಿ ಅವುಗಳಿಗೆ ಸಂವಾದಿಯಾಗಿ ನಿಯಮ 72 ಮತ್ತು 330 ಇವೆ. ಯಂತ್ರ ನಿಂತು ರೋಗಿಗಳು ಪರದಾಡುತ್ತಿದ್ದಾರೆ ಎಂಬಂಥ ತುರ್ತಿಗೆ ಇವು ಸರಿ. ಮಳೆಗಾಲದ ಇಲಿಜ್ವರ, ಡೆಂಗಿ, ಬೇಸಿಗೆ ಹೊತ್ತಿನ ಮಂಗನ ಕಾಯಿಲೆ ಹೀಗೆ ಹಲವು ಜಿಲ್ಲೆಗಳ ವಿಷಯವಾದರೆ ನಿಯಮ 69ರ ಚರ್ಚೆ. ಶೂನ್ಯವೇಳೆಯಲ್ಲಿ ಮಾತಾಡಿದರೆ ವಾಟ್ಸಾಪ್‌ಗೆ ಒಂದು ವಿಡಿಯೊ ಸಿಗುತ್ತದೆ, ಅಷ್ಟೇ.

ಇನ್ನೊಂದು ತೊಡಕು: ಸಚಿವರಾದವರು, ಸಭಾಧ್ಯಕ್ಷರಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ. ಮಂಗಳೂರು ಕ್ಷೇತ್ರದ ಯು.ಟಿ. ಖಾದರ್ 2023ರಲ್ಲಿ ಸಭಾಧ್ಯಕ್ಷರಾದ ಮೇಲೆ ಉಳ್ಳಾಲ ಕಡೆಯವರಿಗೆ ಈ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಆಡಳಿತ ಪಕ್ಷದ ಶಾಸಕರೂ ತಮ್ಮದೇ ಸಚಿವರಿಗೆ ಇಕ್ಕಟ್ಟಾಗುವ ಪ್ರಶ್ನೆ ಹಾಕಲು ಹಿಂದೆಮುಂದೆ ನೋಡುತ್ತಾರೆ. ಆಗ ವಿಧಾನ ಪರಿಷತ್ ಸದಸ್ಯರನ್ನು ಹಿಡಿಯಿರಿ. ದಕ್ಷಿಣ ಕನ್ನಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳು ಸೇರುತ್ತವೆ, ಇಬ್ಬರು ಸದಸ್ಯರು.

ಪ್ರಶ್ನೆ ಯಾವ ಸಚಿವರಿಗೆ ಎನ್ನುವುದನ್ನೂ ನೋಡಿಕೊಳ್ಳಿ. ತಾಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರ ಆರೋಗ್ಯ ಇಲಾಖೆಗೆ. ಇಎಸ್‌ಐ ಆಸ್ಪತ್ರೆ ಕಾರ್ಮಿಕ ಇಲಾಖೆಗೆ. ನಗರದ ಚರಂಡಿ, ಸೊಳ್ಳೆ, ಕಸ ಆದರೆ ನಗರಾಭಿವೃದ್ಧಿಗೆ. ತಪ್ಪು ಇಲಾಖೆಗೆ ಹೋದ ಪ್ರಶ್ನೆ ವರ್ಗಾವಣೆಯಾಗುವಷ್ಟರಲ್ಲಿ ಅಧಿವೇಶನವೇ ಮುಗಿದಿರುತ್ತದೆ.

ಈಗ ಮುಖ್ಯ ಕೆಲಸ, ಪ್ರಶ್ನೆ ಬರೆಯುವುದು. ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: "ಸದರಿ ಆಸ್ಪತ್ರೆಯಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಇದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಬಂದಿದೆ. ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ವಹಿಸಲಾಗುತ್ತಿದೆ." ಒಂದು ಅವಕಾಶ ದಂಡ. ಹೆರಿಗೆ ವಿಷಯದಲ್ಲಿ ಹೀಗೆ ಕೇಳಿಸಿ:

(ಅ) ಸದರಿ ಆಸ್ಪತ್ರೆಗೆ ಮಂಜೂರಾಗಿರುವ ಪ್ರಸೂತಿ, ಅರಿವಳಿಕೆ ಮತ್ತು ಮಕ್ಕಳ ತಜ್ಞರ ಹುದ್ದೆಗಳೆಷ್ಟು; ಭರ್ತಿಯಾದವು ಎಷ್ಟು; ಖಾಲಿ ಇದ್ದಲ್ಲಿ ಯಾವ ದಿನಾಂಕದಿಂದ ಖಾಲಿ ಇವೆ;

(ಆ) ಈ ಹುದ್ದೆಗಳಲ್ಲಿ ವೇತನ ಪಡೆಯುತ್ತ ನಿಯೋಜನೆಯ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರು ಎಷ್ಟು ಮಂದಿ; ಎಲ್ಲಿ; ಆದೇಶದ ಸಂಖ್ಯೆ ಮತ್ತು ದಿನಾಂಕವೇನು;

(ಇ) ಕಳೆದ 12 ತಿಂಗಳಲ್ಲಿ ನಡೆದ ಸಹಜ ಹೆರಿಗೆ, ಸಿಸೇರಿಯನ್ ಹಾಗೂ ಬೇರೆ ಆಸ್ಪತ್ರೆಗೆ ಕಳುಹಿಸಿದ ಗರ್ಭಿಣಿಯರ ಸಂಖ್ಯೆ ಎಷ್ಟು. (ತಿಂಗಳವಾರು ವಿವರ ನೀಡುವುದು)

(ಈ) ಮೂವರೂ ತಜ್ಞರು ಏಕಕಾಲಕ್ಕೆ ಲಭ್ಯವಿರುವಂತೆ ಯಾವ ಕಾಲಮಿತಿಯೊಳಗೆ ಕ್ರಮ ಕೈಗೊಳ್ಳಲಾಗುವುದು?

ಮೂವರನ್ನೂ ಒಟ್ಟಿಗೆ ಕೇಳುವುದಕ್ಕೆ ಕಾರಣ ಉಂಟು. ಪ್ರಸೂತಿ ತಜ್ಞರೊಬ್ಬರೇ ಇದ್ದರೆ ಸಿಸೇರಿಯನ್ ಆಗುವುದಿಲ್ಲ. ಅರಿವಳಿಕೆ ಕೊಡುವವರು ಬೇಕು, ಮಗು ಅಳದಿದ್ದರೆ ನೋಡಿಕೊಳ್ಳಲು ಮಕ್ಕಳ ತಜ್ಞರು ಬೇಕು, ರಕ್ತ ಸಂಗ್ರಹಣಾ ಘಟಕ ನಡೆಯುತ್ತಿರಬೇಕು. ಒಂದು ಕೊಂಡಿ ಕಳಚಿದರೂ ಗರ್ಭಿಣಿಯನ್ನು ಆಂಬುಲೆನ್ಸ್ ಹತ್ತಿಸಿ ಉಡುಪಿಗೋ ಮಂಗಳೂರಿಗೋ ಕಳಿಸುತ್ತಾರೆ. "ಪ್ರಸೂತಿ ತಜ್ಞರ ಹುದ್ದೆ ಭರ್ತಿಯಾಗಿದೆ" ಎಂಬ ಉತ್ತರ ಆಗ ನಿಜವೂ ಹೌದು, ಉಪಯೋಗವಿಲ್ಲದ್ದೂ ಹೌದು. (ಆ) ಬಿಟ್ಟರೆ ಇನ್ನೂ ಕಷ್ಟ: ಕಾಗದದಲ್ಲಿ ಹುದ್ದೆ ತುಂಬಿರುತ್ತದೆ, ಡಾಕ್ಟರ್ ಮಾತ್ರ ನಿಯೋಜನೆಯಲ್ಲಿ ಇನ್ನೆಲ್ಲೋ ಇರುತ್ತಾರೆ. ಆ ಹುದ್ದೆಗೆ ಬೇರೆಯವರನ್ನು ಹಾಕಲೂ ಬರುವುದಿಲ್ಲ.

ಡಯಾಲಿಸಿಸ್‌ದು ಬೇರೆಯೇ ಪ್ರಶ್ನೆಯಾಗಲಿ, ಒಂದರಲ್ಲಿ ಎರಡು ವಿಷಯ ತುರುಕಬೇಡಿ. ಮೊದಲು ಲೆಕ್ಕ ನೋಡಿ. ಒಂದು ಯಂತ್ರ ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ ಓಡಿದರೆ 18 ಸರದಿ. ವಾರಕ್ಕೆ ಮೂರು ಸಲ ಬೇಕಾದವರಾದರೆ 6 ಮಂದಿಗೆ ಸಾಕು. ಅದೇ ಯಂತ್ರದಲ್ಲಿ ಎಲ್ಲರಿಗೂ ಎರಡೇ ಸಲ ಕೊಟ್ಟರೆ 9 ಮಂದಿಯನ್ನು ತೋರಿಸಬಹುದು. ಹೀಗೆ ಸರದಿ ಕಡಿತ ಮಾಡಿಯೇ "ಕಾಯುವವರ ಪಟ್ಟಿ ಇಲ್ಲ" ಎಂದು ಬರೆಯಲು ಸಾಧ್ಯ. ಆದ್ದರಿಂದ ರೋಗಿಗಳ ಸಂಖ್ಯೆಯ ಜೊತೆಗೆ ವೈದ್ಯರು ಬರೆದುಕೊಟ್ಟ ಸರದಿ ಎಷ್ಟು, ಕೊಟ್ಟದ್ದು ಎಷ್ಟು ಎಂದು ಕೇಳಿಸಿ.

ಎರಡನೆಯದು, ಕೆಟ್ಟದ್ದು ಯಂತ್ರವೋ, ಅದಕ್ಕೆ ನೀರು ಶುದ್ಧ ಮಾಡಿಕೊಡುವ ಆರ್‌ಒ ಘಟಕವೋ. ನಿಮಿಷಕ್ಕೆ 500 ಮಿ.ಲೀ. ದ್ರಾವಣ ಹರಿಯುವ ಲೆಕ್ಕದಲ್ಲಿ ನಾಲ್ಕು ಗಂಟೆಗೆ ಒಬ್ಬರಿಗೆ 120 ಲೀಟರ್ ಶುದ್ಧ ನೀರು ಬೇಕು, ತೊಳೆಯಲು ಬೇಕಾದದ್ದು ಬೇರೆ. ಐದು ಯಂತ್ರ ಒಟ್ಟಿಗೆ ಓಡಿದರೆ ಒಂದು ಪಾಳಿಗೆ 600 ಲೀಟರ್. ನಮ್ಮ ಕಡೆ ಹೊಳೆ, ಹಿನ್ನೀರಿನ ಬದಿಯ ಬಾವಿಗಳಿಗೆ ಏಪ್ರಿಲ್, ಮೇ ಹೊತ್ತಿಗೆ ಉಪ್ಪು ಹತ್ತುತ್ತದೆ. ಉಪ್ಪು ಏರಿದಷ್ಟೂ ಆರ್‌ಒ ಪೊರೆ ಬೇಗ ಹಾಳಾಗುತ್ತದೆ, ಘಟಕ ನಿಂತರೆ ಯಂತ್ರ ಹೊಸದಿದ್ದರೂ ಎಲ್ಲವೂ ನಿಂತಂತೆ. ಹಾಗಿರುವಲ್ಲಿ ಇನ್ನೆರಡು ಯಂತ್ರ ಕೇಳಿ ಏನು ಮಾಡುವುದು ಮಾರಾಯ್ರೆ? ನೀರಿನ ಮೂಲ ಯಾವುದು, ಪೊರೆ ಕೊನೆಯ ಸಲ ಬದಲಿಸಿದ್ದು ಯಾವಾಗ, ಎಷ್ಟು ದಿನ ಸೇವೆ ನಿಂತಿತ್ತು ಎಂದು ಕೇಳಬೇಕು.

ಮೂರನೆಯದು ಹಣ. ಕೇಂದ್ರವನ್ನು ಹೊರಗುತ್ತಿಗೆಯಲ್ಲಿ ನಡೆಸುತ್ತಿದ್ದರೆ, ಬಿಲ್ ಬಾಕಿಯಾದಾಗ ಮೊದಲು ತಂತ್ರಜ್ಞರ ಸಂಬಳ ನಿಲ್ಲುತ್ತದೆ, ಆಮೇಲೆ ದುರಸ್ತಿ. "ಏಜೆನ್ಸಿಗೆ ನೋಟಿಸ್ ನೀಡಲಾಗಿದೆ" ಎಂಬ ಉತ್ತರದಿಂದ ಸರ್ಕಾರವೇ ಬಾಕಿ ಇಟ್ಟಿದೆಯೋ ಇಲ್ಲವೋ ತಿಳಿಯುವುದಿಲ್ಲ. ಬಾಕಿ ಮೊತ್ತ ಎಷ್ಟು, ಯಾವ ತಿಂಗಳಿಂದ, ಸೇವೆ ನಿಂತ ದಿನಗಳಿಗೆ ಕರಾರಿನಂತೆ ವಿಧಿಸಿದ ದಂಡ ಎಷ್ಟು ಎಂದು ಮೂರೂ ಕೇಳಿಸಿ.

ಪ್ರಶ್ನೆಯಲ್ಲಿ ವಾದ, ಆರೋಪ, ವ್ಯಂಗ್ಯ ಬೇಡ, ತಿರಸ್ಕೃತವಾಗುತ್ತದೆ. ನ್ಯಾಯಾಲಯದಲ್ಲಿರುವ ವಿಷಯವೂ ಬೇಡ. ನಿಮ್ಮ ಸಿಟ್ಟನ್ನೆಲ್ಲ ಶಾಸಕರಿಗೆ ಕೊಡುವ ಒಂದು ಪುಟದ ಟಿಪ್ಪಣಿಯಲ್ಲಿ ಬರೆಯಿರಿ. ಪ್ರಶ್ನೆ ಚುಕ್ಕೆ ಗುರುತಿನದಾಗಿ ಬಂದರೆ ಉಪಪ್ರಶ್ನೆಗೆ ಅದೇ ಬಂಡವಾಳ.

ಪ್ರಶ್ನೆ ಆಯ್ಕೆಯಾದ ಮೇಲೆ ಅದು ಇಲಾಖೆಯ ಕಾರ್ಯದರ್ಶಿಯಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಡಿಎಚ್‌ಒಗೆ "ಅತಿ ಜರೂರು" ಎಂದು ಬರುತ್ತದೆ. ಕಚೇರಿಯಲ್ಲಿ "ಎಲ್‌ಎಕ್ಯೂ (ವಿಧಾನಸಭೆ ಪ್ರಶ್ನೆ) ಬಂತು" ಅಂದರೆ ಊಟ ಬಿಟ್ಟು ಕೂರುತ್ತಾರೆ. ಕೊನೆಗೆ ನಮೂನೆ ತುಂಬುವವರು ನಿಮ್ಮದೇ ಆಸ್ಪತ್ರೆಯ ಗುಮಾಸ್ತರು. ಅದಕ್ಕೇ ಆಡಳಿತ ವೈದ್ಯಾಧಿಕಾರಿಯನ್ನು ಎದುರು ಹಾಕಿಕೊಳ್ಳಬೇಡಿ. ತಾವು ಬರೆದ ಪತ್ರಗಳಿಗೆ ಸಿಗದ ಉತ್ತರ ಪ್ರಶ್ನೆಯ ಮೂಲಕವಾದರೂ ಸಿಗಲಿ ಎಂದು ಕಾಯುವ ವೈದ್ಯಾಧಿಕಾರಿಗಳು ಬೇಕಾದಷ್ಟಿದ್ದಾರೆ. ಮೊದಲೇ ಮಾತಾಡಿದ್ದರೆ ಅವರು ಹಿಂದೆ ಕಳಿಸಿದ ಪ್ರಸ್ತಾವನೆಗಳ ದಿನಾಂಕವೂ ಉತ್ತರದಲ್ಲಿ ಸೇರುತ್ತದೆ.

ಉತ್ತರ ಬಂದ ಮೇಲೆ ಕ್ರಿಯಾಪದಗಳನ್ನು ನೋಡಿ. "ಪರಿಶೀಲನೆಯಲ್ಲಿದೆ", "ಆರ್ಥಿಕ ಲಭ್ಯತೆಗೆ ಅನುಗುಣವಾಗಿ" ಇದ್ದರೆ ಏನೂ ಒಪ್ಪಿಲ್ಲ. ಸದನದಲ್ಲಿ ಸಚಿವರು "ಇಷ್ಟರೊಳಗೆ ಮಾಡುತ್ತೇವೆ" ಅಂದಿದ್ದರೆ ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಒಯ್ಯಬಹುದು. ಶಾಸಕರಿಂದ ಆ ಸಮಿತಿಗೆ ಪತ್ರ ಬರೆಸಿ. ಉತ್ತರದ ಪ್ರತಿ ತಾಲೂಕು ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆಯಲ್ಲೂ ಕೆಲಸಕ್ಕೆ ಬರುತ್ತದೆ, ಅಧ್ಯಕ್ಷತೆ ಶಾಸಕರದ್ದೇ.

ಎಲ್ಲದಕ್ಕೂ ಸದನ ಬೇಡ. ಪಂಪ್ ರಿಪೇರಿ, ಆರ್‌ಒ ಪೊರೆಯಂಥದ್ದಕ್ಕೆ ಆಸ್ಪತ್ರೆಯದ್ದೇ ಆರೋಗ್ಯ ರಕ್ಷಾ ಸಮಿತಿಯ ಹಣ ಉಂಟು. ಯಂತ್ರೋಪಕರಣಕ್ಕೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ವರ್ಷಕ್ಕೆ 2 ಕೋಟಿ ರೂಪಾಯಿ. ಅದರಿಂದ ಸಂಬಳ ಕೊಡಲು ಬರುವುದಿಲ್ಲ. ಚಾಲಕನಿಲ್ಲದೆ ಹೊಸ ಆಂಬುಲೆನ್ಸ್ ಶೆಡ್‌ನಲ್ಲಿ ನಿಲ್ಲುವುದು ಇದೇ ಕಾರಣಕ್ಕೆ.

ಈಗಲೇ ಮಾಡಬೇಕಾದದ್ದು ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, 150 ಪದದೊಳಗೆ, ಒಂದು ಅರ್ಜಿಗೆ ಒಂದೇ ವಿಷಯ, ಉತ್ತರಕ್ಕೆ 30 ದಿನ. ನಿಯೋಜನೆ ಆದೇಶಗಳ ಪ್ರತಿಗೆ ಒಂದು, ಡಯಾಲಿಸಿಸ್ ಲಾಗ್ ಪುಸ್ತಕ ಮತ್ತು ದುರಸ್ತಿ ದೂರುಗಳ ಪ್ರತಿಗೆ ಇನ್ನೊಂದು. "ಏಕೆ" ಎಂದು ಕೇಳಬೇಡಿ, ದಾಖಲೆಯ ಪ್ರತಿ ಮಾತ್ರ ಕೇಳಿ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಡೆಯುತ್ತದೆ. ಅದಕ್ಕೆ ಸಿಗಬೇಕಾದರೆ ಈ ಅರ್ಜಿಗಳು ಸೆಪ್ಟೆಂಬರ್ ಮುಗಿಯುವುದರೊಳಗೆ ಹೋಗಿರಬೇಕು, ಮೊದಲ ಮೇಲ್ಮನವಿಗೂ ಸ್ವಲ್ಪ ಸಮಯ ಉಳಿಯುತ್ತದೆ.