ಬದನೆ ಸಾಲಿನಲ್ಲಿ ಅಶ್ವಗಂಧ ಬೇಡ, ತುಳಸಿ ಇರಲಿ

ಪ್ರಶ್ನೆ: ಸಾವಯವದಲ್ಲಿ ಬದನೆ, ಟೊಮೆಟೊ, ಹೀರೆ ಬೆಳೆಯುತ್ತಿದ್ದೇನೆ. ಔಷಧಿ ಗಿಡವಿದ್ದರೆ ಹುಳು ಬರುವುದಿಲ್ಲ ಎಂದು ಕೇಳಿ ಬದನೆ ಸಾಲುಗಳ ನಡುವೆ ಅಶ್ವಗಂಧ, ತುಳಸಿ ಹಾಕಿದೆ. ಈಗ ಬದನೆ, ಅಶ್ವಗಂಧ ಎರಡರ ಎಲೆಯೂ ಜರಡಿಯಂತಾಗಿವೆ. ಎಲ್ಲವನ್ನೂ ಕಿತ್ತುಬಿಡಲೇ?

ಉತ್ತರ: ಎಲ್ಲವನ್ನೂ ಕೀಳಬೇಡಿ. ತುಳಸಿಯದೇನೂ ತಪ್ಪಿಲ್ಲ, ತೊಂದರೆ ಇರುವುದು ಅಶ್ವಗಂಧದ ಜಾಗದಲ್ಲಿ. ಬದನೆ, ಟೊಮೆಟೊ, ಮೆಣಸಿನಕಾಯಿಯ ಕುಟುಂಬಕ್ಕೇ ಅದೂ ಸೇರಿದ್ದು. ಹಾಗಾಗಿ ಬದನೆಯ ಹುಳುಗಳಿಗೆ ಅದೂ ಊಟವೇ. ಔಷಧಿ ಗಿಡ ಎಂದರೆ ಹುಳು ಮುಟ್ಟುವುದಿಲ್ಲ ಎಂಬ ನಂಬಿಕೆಯಿಂದ ಅನೇಕರು ಹೀಗೆ ಬೆಳೆ ಕಳೆದುಕೊಳ್ಳುವುದನ್ನು ಕಂಡಾಗ ಬೇಸರವಾಗುತ್ತದೆ.

ಎಲೆಯ ಅಡಿ ನೋಡಿ. ಹಳದಿ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿದ್ದರೆ, ಮೈತುಂಬ ಮುಳ್ಳಿರುವ ಹಳದಿ ಮರಿಹುಳುಗಳು ಹಸಿರು ಕೆರೆದು ನರಗಳನ್ನಷ್ಟೇ ಉಳಿಸಿದ್ದರೆ, ಅದು 28 ಚುಕ್ಕಿಯ ದುಂಬಿಯ ಕೆಲಸ. ಬೆಳೆದ ದುಂಬಿ ಇಟ್ಟಿಗೆ ಬಣ್ಣದ್ದು, ಮೈಗೆ ಹೊಳಪಿಲ್ಲ. ನುಣ್ಣಗೆ ಹೊಳೆಯುವ ಗುಲಗಂಜಿ ದುಂಬಿಯನ್ನು ಮಾತ್ರ ದಯವಿಟ್ಟು ಕೊಲ್ಲಬೇಡಿ, ಅದು ಗಿಡದ ಹೇನು ತಿಂದು ಬೆಳೆ ಕಾಯುತ್ತದೆ.

ಬೆಳಿಗ್ಗೆ ದುಂಬಿ, ಮೊಟ್ಟೆಯ ಎಲೆಗಳನ್ನು ಆಯ್ದು ಸೋಪಿನ ನೀರಿಗೆ ಹಾಕಿ. ಸಂಜೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ಎಲೆಯಡಿಗೆ ತಗಲುವಂತೆ ಸಿಂಪಡಿಸಿ. ತುಳಸಿಯ ಮೇಲೆ ಬೀಳದಿರಲಿ, ಅದರ ಎಲೆಯನ್ನೇ ನಾವು ಬಳಸುವುದು.

ತೀರಾ ತಿಂದುಹೋದ ಅಶ್ವಗಂಧ ತೆಗೆದುಬಿಡಿ. ಅದರದು ಆಳಕ್ಕಿಳಿಯುವ ತಾಯಿಬೇರು, ಕಿತ್ತು ಬೇರೆಡೆ ನೆಟ್ಟರೆ ಬೇರು ಕವಲೊಡೆಯುತ್ತದೆ. ಮುಂದಿನ ಸಲ ಅವರೆಯೋ ಅಲಸಂದೆಯೋ ಇದ್ದ, ನೀರು ನಿಲ್ಲದ ಜಾಗದಲ್ಲಿ ಬೀಜವನ್ನೇ ಬಿತ್ತಿ. ಬದನೆಗೆ ಕೊಡುವಷ್ಟು ನೀರು, ಗೊಬ್ಬರ ಕೊಟ್ಟರೆ ಎಲೆ ಹುಲುಸಾಗಿ ಬರುತ್ತದೆ, ನಮಗೆ ಬೇಕಾದ ಬೇರು ದಪ್ಪಗಾಗುವುದಿಲ್ಲ.

ತುಳಸಿಯ ಕೆಲವು ಗಿಡಗಳನ್ನು ಕೊಯ್ಯದೆ ಹೂಬಿಡಲು ಬಿಡಿ. ಬದನೆ ಹೂವಿನ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರಬೇಕು, ಅದಕ್ಕೆ ಹೂವನ್ನು ಗುಂಯ್‌ಗುಡುತ್ತಾ ಅದುರಿಸುವ ಜೇನು ಬೇಕು. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನು ಆ ಕೆಲಸ ಮಾಡುತ್ತದೆ, ತುಳಸಿ ಹೂವೆಂದರೆ ಅದಕ್ಕೆ ಪ್ರಾಣ.

ಬೇರೆ ಔಷಧಿ ಗಿಡ ಹಾಕುವುದಾದರೆ, ಹೀರೆ ಚಪ್ಪರದ ಕೆಳಗಿನ ತಂಪು, ತೇವ ಒಂದೆಲಗಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಲೋಳೆಸರ ಒಣ ಬದುವಿಗೆ. ಪುದೀನವನ್ನು ಕುಂಡದಲ್ಲೇ ಇಡಿ, ನೆಲಕ್ಕೆ ಬಿಟ್ಟರೆ ಸೊಪ್ಪಿನ ಮಡಿಗೆ ನುಗ್ಗುತ್ತದೆ.