ಹೀಟರ್ ಹಾಕಿದಾಗ ಮಾತ್ರ ಕಾರೊಳಗೆ ವಾಸನೆ ಬರ್ತಿದ್ರೆ ಏನು ನೋಡ್ಬೇಕು?

ಏಸಿಲಿ ಏನೂ ಇಲ್ಲ, ಹೀಟರ್ ಕಡೆ ತಿರುಗಿಸಿದ್ರೆ ವಾಸನೆ, ಫಿಲ್ಟರ್ ಬದಲಾಯಿಸಿದ್ರೂ ಹೋಗಿಲ್ಲ ಅಂತ ಬರ್ದಿದೀರಿ. ಎಂಥ ವಾಸನೆ ಅಂತ ಮಾತ್ರ ಹೇಳಿಲ್ಲ, ಅರ್ಧ ಉತ್ತರ ಅದ್ರಲ್ಲೇ ಇರೋದು.

ಸಿಹಿಸಿಹಿಯಾಗಿ, ಕೆಮ್ಮಿನ ಸಿರಪ್ ಬಾಟ್ಲಿ ಮುಚ್ಚಳ ತೆಗೆದಂಗೆ ಇದ್ರೆ ಅದು ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ. ಪೆಟ್ರೋಲ್, ಡೀಸೆಲ್ ಕಾರಲ್ಲಿ ಹೀಟರ್‌ಗೆ ಬೇರೆ ಬೆಂಕಿ ಏನಿಲ್ಲ, ಇಂಜಿನ್ನಿಂದ ಬರೋ ಸುಮಾರು 90 ಡಿಗ್ರಿ ಬಿಸಿ ಕೂಲೆಂಟ್ ಡ್ಯಾಶ್‌ಬೋರ್ಡ್ ಒಳಗಿರೋ ಪುಟ್ಟ ರೇಡಿಯೇಟರಲ್ಲಿ ಓಡತ್ತೆ, ಬ್ಲೋವರ್ ಅದ್ರ ಮೂಲಕ ಗಾಳಿ ಊದತ್ತೆ ಅಷ್ಟೇ. ಅದಕ್ಕೆ ಹೀಟರ್ ಕೋರ್ ಅಂತಾರೆ. ನಂದು ಅದೇ ತೂತಾಗಿತ್ತು, ನಾನು ಎರಡು ತಿಂಗ್ಳು ಕಾರ್ ಪರ್‌ಫ್ಯೂಮ್ ಹಳಸಿದೆ ಅಂದ್ಕೊಂಡು ಓಡಿಸ್ದೆ! ಮುಂದಿನ ಗಾಜಿನ ಒಳಗಡೆ ಎಷ್ಟು ಒರೆಸಿದ್ರೂ ಜಿಡ್ಡು ಮಂಜು, ಪಕ್ಕದ ಸೀಟಿನ ಮ್ಯಾಟ್ ಕೆಳಗೆ ಒದ್ದೆ, ಗ್ಯಾರೇಜಲ್ಲಿ ಕೇಳಿದ್ರೆ ಏಸಿ ನೀರು ಬಿಡಿ ಅಂದ್ರು. ಒದ್ದೆನ ಬೆರಳಲ್ಲಿ ಮುಟ್ಟಿ ನೋಡಿ, ಏಸಿ ನೀರಾದ್ರೆ ಬರೀ ನೀರು, ಕೂಲೆಂಟಾದ್ರೆ ಜಾರತ್ತೆ, ಬಣ್ಣ ಇರತ್ತೆ. ಅದು ವಿಷ, ಕೈ ತೊಳ್ಕೊಳ್ಳಿ, ನಾಯಿ ಬೆಕ್ಕು ನೆಕ್ಕದಂಗೆ ಒರೆಸಿಬಿಡಿ. ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಕೂಲೆಂಟ್ ಟ್ಯಾಂಕಿನ ಲೆವೆಲ್‌ಗೆ ಗುರುತು ಹಾಕಿ ಒಂದು ವಾರ ನೋಡಿ, ಇಳೀತಿದ್ರೆ ಲೀಕ್ ಇರೋದು ಗ್ಯಾರಂಟಿ. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ.

ರಿಪೇರಿ ಕಷ್ಟ, ಎಷ್ಟೋ ಕಾರಲ್ಲಿ ಕೋರ್ ಬದಲಾಯಿಸೋಕೆ ಡ್ಯಾಶ್‌ಬೋರ್ಡೇ ಬಿಚ್ಚಬೇಕು, ಪಾರ್ಟ್‌ಗಿಂತ ಕೂಲಿನೇ ಜಾಸ್ತಿ ಆಗತ್ತೆ. ಲೀಕ್ ನಿಲ್ಲಿಸೋ ಪೌಡರ್ ಹಾಕ್ಬೇಡಿ, ಸಣ್ಣ ಪೈಪ್‌ಗಳೇ ಕಟ್ಕೊಳತ್ತೆ. ತುಂಬಾ ಕಾರಲ್ಲಿ ಮೆಕ್ಯಾನಿಕ್ ಕೋರಿನ ಎರಡು ಹೋಸ್ ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡ್ಬೋದು, ಹೀಟರ್ ಇರಲ್ಲ, ಗಾಡಿ ಓಡತ್ತೆ.

ಸಿಹಿ ಅಲ್ಲ ಅಂದ್ರೆ ರೀಸರ್ಕ್ಯುಲೇಶನ್ ಬಟನ್ ಒತ್ತಿ ನೋಡಿ. ಹೊರಗಿನ ಗಾಳಿ ನಿಂತಾಗ ವಾಸನೆ ಕಮ್ಮಿಯಾದ್ರೆ ಅದು ಬರ್ತಿರೋದು ಇಂಜಿನ್ ಕಡೆಯಿಂದ, ಯಾಕಂದ್ರೆ ಗಾಳಿ ಎಳ್ಕೊಳೋ ಜಾಗ ಬಾನೆಟ್ ಹಿಂದೆ ವೈಪರ್ ಬುಡದಲ್ಲೇ ಇರತ್ತೆ. ಸುಟ್ಟ ಎಣ್ಣೆ ವಾಸನೆ ಆದ್ರೆ ವಾಲ್ವ್ ಕವರ್ ಗ್ಯಾಸ್ಕೆಟ್ (ಇಂಜಿನ್ ಮೇಲಿನ ಮುಚ್ಚಳದ ಸೀಲ್) ಸೋರಿ ಎಣ್ಣೆ ಬಿಸಿ ಸೈಲೆನ್ಸರ್ ಪೈಪ್ ಮೇಲೆ ಬೀಳ್ತಿರ್ಬೋದು. ಬಟನ್ ಒತ್ತಿದ್ರೂ ಅಷ್ಟೇ ಇದ್ರೆ ತಪ್ಪು ಒಳಗಡೆನೇ. ಮುಗ್ಗಲು ವಾಸನೆ ಆದ್ರೆ ಏಸಿ ಕೂಲಿಂಗ್ ಕಾಯಿಲಲ್ಲಿ ಬೂಷ್ಟು, ಡ್ರೇನ್ ಪೈಪ್ ಕಟ್ಟಿರ್ಬೋದು, ಬಿಡಿಸಿ ಕ್ಲೀನ್ ಮಾಡ್ಸಿ. ಕೊಳೆತ ವಾಸನೆ ಆದ್ರೆ ಗ್ಲೋವ್ ಬಾಕ್ಸ್ ಬಿಚ್ಚಿ ಬ್ಲೋವರ್ ಒಳಗೆ ಟಾರ್ಚ್ ಬಿಡಿ, ಇಲಿ ಸತ್ತಿರ್ಬೋದು (ಮಾಸ್ಕ್ ಹಾಕ್ಕೊಂಡು). ತಿಂಗಳುಗಟ್ಲೆ ಆದ್ಮೇಲೆ ಮೊದಲ ಸಲ ಹಾಕಿದಾಗ ಧೂಳು ಕಾದ ವಾಸನೆ ಬಂದ್ರೆ ಬಿಟ್ಬಿಡಿ, ಸ್ವಲ್ಪ ಹೊತ್ತಲ್ಲಿ ಹೋಗತ್ತೆ.

ಎರಡು ವಾಸನೆಗೆ ಮಾತ್ರ ಟೆಸ್ಟ್ ಗಿಸ್ಟ್ ಬೇಡ. ಪ್ಲಾಸ್ಟಿಕ್ ಸುಟ್ಟಂಗಾದ್ರೆ ಬ್ಲೋವರ್ ಮೋಟಾರೋ ವೈರಿಂಗೋ ಕಾದಿದೆ ಅಂತ, ಆಫ್ ಮಾಡಿ ಗಾಡಿ ಪಕ್ಕಕ್ಕೆ ಹಾಕಿ ಇಳೀರಿ. ಸೈಲೆನ್ಸರ್ ಹೊಗೆ ವಾಸನೆ ಒಳಗೆ ಬಂದ್ರೆ ಕಿಟಕಿ ಎಲ್ಲಾ ಇಳಿಸಿ, ನಿಲ್ಲಿಸಿ ಇಂಜಿನ್ ಆಫ್ ಮಾಡಿ, ಅದ್ರ ಜೊತೆ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆನೇ ಇಲ್ಲ, ತಲೆನೋವು ಬರೋ ತನಕ ಗೊತ್ತೇ ಆಗಲ್ಲ. ಎಗ್ಸಾಸ್ಟ್ ಲೀಕ್ ಸರಿ ಮಾಡ್ಸೋವರೆಗೂ ಆ ಕಾರ್ ಹತ್ಬೇಡಿ.