ಕೇಳಿದೋರೆಲ್ಲ "ಬಳಸ್ತೀವಿ" ಅಂದ್ರು, ಆಮೇಲೆ ಯಾರೂ ಬಳಸ್ಲಿಲ್ಲ, ಯಾಕೆ?

40 ಅಂಗಡಿಯವ್ರನ್ನ ಕೇಳಿದ್ವಿ, ಹೆಚ್ಚುಕಮ್ಮಿ ಎಲ್ರೂ ಹೂಂ ಅಂದ್ರು, ದೇಶದ ಎಕಾನಮಿನೂ ಬೆಳೀತಿದೆ, ಆದ್ರೂ ನಮ್ಮ ಆ್ಯಪ್ ಯಾಕೆ ಓಡ್ತಿಲ್ಲ ಅಂತ ಕೇಳಿದೀರ. ನಾನೂ ಇದೇ ಹಳ್ಳಕ್ಕೆ ಬಿದ್ದೆದ್ದೋನು.

ನಾವು ಮಾಡಿದ್ದು ಉದ್ರಿ ಲೆಕ್ಕದ ಆ್ಯಪ್. ಅಂಗಡಿಗೆ ಹೋಗಿ ಫೋನಲ್ಲಿ ತೋರ್ಸಿ "ಇದು ಬಂದ್ರೆ ಬಳಸ್ತೀರಾ ಅಣ್ಣ" ಅಂತಿದ್ವಿ, ಅವ್ರು ಪಾಪ ಟೀ ತರ್ಸಿ "ಚೆನ್ನಾಗಿದೆ ಸಾರ್, ಹಾಕ್ಕೊಡಿ" ಅಂತಿದ್ರು. ಬಾಗ್ಲಿಗೆ ಬಂದೋರ ಮುಖಕ್ಕೆ ಹೊಡ್ದಂಗೆ ಬೇಡ ಅಂತ ಯಾರು ಹೇಳ್ತಾರೆ? ಇನ್ನೊಂದು, ನಾವು ಹೋಗ್ತಿದ್ದಿದ್ದು ಮಧ್ಯಾಹ್ನ ಮೂರಕ್ಕೆ, ಅಂದ್ರೆ ಆಗ ಮಾತಿಗೆ ಸಿಕ್ಕೋರೆಲ್ಲ ವ್ಯಾಪಾರ ಇಲ್ದೆ ಪುರುಸೊತ್ತಾಗಿ ಕೂತಿದ್ದೋರೇ.

ಒಂದಿನ ಸಂಜೆ ಗಲ್ಲಾ ಪಕ್ಕ ಸ್ಟೂಲ್ ಹಾಕ್ಕೊಂಡು ಸುಮ್ನೆ ಕೂತೆ. ಯಜಮಾನ್ರು ಉದ್ರಿ ಬರೀತಿದ್ದಿದ್ದು ಹಳೇ ಕ್ಯಾಲೆಂಡರ್ ಹಾಳೆ ಹಿಂದೆ: "ಮೂಲೆಮನೆ ಆಂಟಿ 45", "ಬುಲೆಟ್ ಹುಡ್ಗ 120". ನಮ್ಮ ಆ್ಯಪ್ ಮೊದ್ಲೇ ಕೇಳೋದು ಗಿರಾಕಿ ಹೆಸ್ರು, ಮೊಬೈಲ್ ನಂಬರ್! ಹತ್ತು ವರ್ಷದಿಂದ ಬರೋ ಆಂಟಿ ಹೆಸ್ರೇ ಅವ್ರಿಗೆ ಗೊತ್ತಿಲ್ಲ, ಈಗ ಕೇಳಿದ್ರೆ ವಸೂಲಿಗೆ ನಿಂತಂಗಾಗುತ್ತೆ.

ಹಂಗಾಗಿ "ಬಳಸ್ತೀರಾ" ಅನ್ನೋದು ಬಿಡಿ, "ಹೋದ್ಸಲ ಲೆಕ್ಕ ತಪ್ಪಿದಾಗ ಏನ್ ಮಾಡಿದ್ರಿ" ಅಂತ ಕೇಳಿ. ಏನೂ ಮಾಡಿಲ್ಲ ಅಂದ್ರೆ ಅದು ಅವ್ರ ತಲೆನೋವೇ ಅಲ್ಲ. ಕೀನ್ಯಾದಲ್ಲಿ ಮೊಬೈಲಲ್ಲೇ ದುಡ್ಡು ಕಳ್ಸೋ ಎಂ-ಪೆಸಾ ಅಂತಿದೆ, ಅದನ್ನ ನೋಡಿ, 2005ರಲ್ಲಿ ಪ್ರಯೋಗಕ್ಕೆ ಅಂತ ಶುರುವಾಗಿದ್ದು ಮೈಕ್ರೋಫೈನಾನ್ಸ್ ಸಾಲದ ಕಂತು ಕಟ್ಟೋಕೆ ಅಂತ, ಜನ ಅದನ್ನ ಒಬ್ರಿಂದೊಬ್ರಿಗೆ ದುಡ್ಡು ಕಳ್ಸೋಕೆ ಬಳಸಿದ್ರು, ಎಂ-ಪೆಸಾ ಮಾಡಿದೋರು ಅದನ್ನ ಗಮನಿಸಿ 2007ರಲ್ಲಿ ಲಾಂಚ್ ಮಾಡೋವಾಗ "ಊರಿಗೆ ದುಡ್ಡು ಕಳ್ಸಿ" ಅನ್ನೋದನ್ನೇ ಮುಂದಿಟ್ರು.

ಎಕಾನಮಿ ವಿಷ್ಯ: ವರ್ಷಕ್ಕೆ 7% ಬೆಳೆದ್ರೆ ಹತ್ತು ವರ್ಷದಲ್ಲಿ ಡಬಲ್, ಡಬಲ್ ಆಗೋಕೆ ಎಷ್ಟು ವರ್ಷ ಅನ್ನೋ ಅಂದಾಜಿಗೆ 72ನ್ನ ಬೆಳವಣಿಗೆ ದರದಿಂದ, ಅಂದ್ರೆ ಇಲ್ಲಿ 7ರಿಂದ, ಭಾಗಿಸಿ ನೋಡಿ, ಸರಿಯೇ. ಆದ್ರೆ ಅದ್ರಿಂದ ನಿಮ್ಮ ಆ್ಯಪ್‌ಗೆ ಗಿರಾಕಿ ಬರ್ತಾರೆ ಅನ್ನೋದು ಎಲ್ಲಿಂದ ಬಂತು? ಸಂಜೆ ಏಳಕ್ಕೆ ಅಂಗಡಿ ಮುಂದೆ ಆರು ಜನ ನಿಂತಾಗ ಯಜಮಾನ್ರಿಗೆ ಇರೋದು ಎರಡೇ ಕೈ, ಒಂದ್ರಲ್ಲಿ ತಕ್ಕಡಿ.

ಕೊನೆಗೆ ನಾವು ನಂಬರ್ ಕೇಳೋದು ತೆಗೆದ್ವಿ, ಹೆಸ್ರಿನ ಜಾಗದಲ್ಲಿ ಏನ್ ಬೇಕಾದ್ರೂ ಬರ್ಕೊಳಿ ಅಂತ ಬಿಟ್ವಿ. ಆ ಯಜಮಾನ್ರು ಈಗ್ಲೂ ಕ್ಯಾಲೆಂಡರ್ ಹಿಂದೇನೇ ಬರೀತಾರೆ, ರಾತ್ರಿ ಅವ್ರ ಮಗಳು ನೋಡ್ಕೊಂಡು ಫೋನಿಗೆ ಹಾಕ್ತಾಳೆ.